ಐನೋರ ಗ್ರೇಡು

ಬಿಡದಿಯಿಂದ ಚನ್ನಪಟ್ಟಣದವರೆಗೆ ಆಸ್ಪತ್ರೆಗಳಲ್ಲಿ ಪೂಜೆ ಮಾಡುವ ಅಷ್ಟೂ ಅರ್ಚಕರಿಗೆ ಸಂಬಳ ಗೊತ್ತುಮಾಡಿದವನು ನಾನೇ. ಸುಳ್ಳು. ನಾನು ಒಂದು ಖಾಸಗಿ ಆಸ್ಪತ್ರೆಯಲ್ಲಿ ಸಂಬಳದ ಚೀಟಿ ಹಂಚುವ ಗುಮಾಸ್ತ. ಆದರೂ ಇಂಥವೆಲ್ಲ ನನ್ನ ಟೇಬಲ್ಲಿನ ಎದುರಿಗೇ ಬಂದು ನಡೆಯುತ್ತವೆ. ನೋಡಿ ನೋಡಿ ನನಗೂ ಸುಸ್ತಾಗಿದೆ. ಟೀ ಕುಡೀತಾ ಒಂದು ಹೇಳ್ತೀನಿ, ಕೇಳಿ.

ಯಾವ ಮಿಷನ್ನು?

ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಅಂಥದೊಂದು ಕಾರ್ಖಾನೆಯಿಂದಲೇ ನಮಗೊಬ್ಬ ಹೊಸ ಆಫೀಸರು ಬಂದರು. ಅಲ್ಲಿಯಂತೆ ಇಲ್ಲೂ ಸ್ಕಿಲ್ಡ್, ಅನ್‌ಸ್ಕಿಲ್ಡ್ ಅಂತ ಎರಡು ಗ್ರೇಡು ಮಾಡಲು ಹೊರಟರು. ಆಸ್ಪತ್ರೆಯ ಗಣಪತಿ ಗುಡಿಯ ಐನೋರ ಸರದಿ ಬಂತು.

"ಯಾವ ಮಿಷನ್ ಓಡಿಸ್ತೀರಿ?"

"ಗಂಟೆ ಬಾರಿಸ್ತೀನಿ ಸ್ವಾಮಿ."

"ಕರೆಂಟಿಂದಾ?"

"ಕೈಯಿಂದ."

"ಅನ್‌ಸ್ಕಿಲ್ಡ್," ಅಂತ ಬರೆದುಕೊಂಡರು.

ಐನೋರು ಬಂದು ನನ್ನ ಪಕ್ಕ ಕುಸಿದು ಕೂತರು. "ಕಾರ್ಖಾನೆಯೋರು ಜಾಸ್ತಿ ಕೊಡ್ತಾರೆ ಅಂತ ಮನೆ ಓನರ್ರು ಬಾಡಿಗೆ ಏರಿಸ್ಬಿಟ್ರು ಕಣಪ್ಪಾ. ಸ್ಕಿಲ್ಡ್ ಸಂಬಳ ಸಿಗ್ಲಿಲ್ಲ ಅಂದ್ರೆ ಮನೆ ಖಾಲಿ ಮಾಡ್ಬೇಕು."

"ನಾನಿಲ್ವಾ ಐನೋರೇ?" ಅಂದೆ.

"ಅದೇ ಭಯ," ಅಂದರು.

ಅನುಭವ

ಮೇಲ್ಮನವಿ ಅರ್ಜಿ ನಾನೇ ತುಂಬಿಕೊಟ್ಟೆ. ಅನುಭವದ ಕಾಲಂನಲ್ಲಿ 'ಏಳು ತಲೆಮಾರು' ಅಂತ ಬರೆದೆ. ಆಫೀಸರು ಕ್ಯಾಲ್ಕುಲೇಟರ್ ಒತ್ತಿದರು.

"ಇನ್ನೂರು ವರ್ಷ ಸರ್ವೀಸಾ? ಐವತ್ತೆಂಟಕ್ಕೇ ರಿಟೈರ್ ಆಗ್ಬೇಕಿತ್ತಲ್ರೀ!"

ಗ್ರೇಡು ಕೇಳಲು ಹೋಗಿ ಕೆಲಸಕ್ಕೇ ಕುತ್ತು ಬಂತು. ಐನೋರು ಎರಡು ದಿನ ನನಗೆ ತೀರ್ಥ ಕೊಡಲಿಲ್ಲ.

ಬಲಗಡೆ

ದಿನಾ ಅರ್ಜಿ ಹಿಡಿದು ಬರುವ ಐನೋರನ್ನು ಕಂಡು ಕೊನೆಗೆ ಆಫೀಸರಿಗೂ ಸಾಕಾಯಿತು; ಗುಡಿಗೇ ಬಂದರು. "ನಿಮ್ಮ ಕೆಲಸ ನೋಡೋ ಮೇಲಧಿಕಾರಿ ಯಾರ್ರೀ? ಅವರು ಒಪ್ಪಿದ್ರೆ ಸೈನ್ ಹಾಕ್ತೀನಿ."

ಐನೋರು ಗಣಪನತ್ತ ಕೈ ತೋರಿಸಿದರು.

"ಹಂಗಾರೆ ಹೂ ಕೇಳನ ಸಾರ್," ಅಂದೆ ನಾನು. ಬಲಗಡೆ ಹೂ ಬಿದ್ದರೆ ದೇವರ ಒಪ್ಪಿಗೆ, ಎಡಗಡೆ ಬಿದ್ದರೆ ಇಲ್ಲ.

ಆಫೀಸರು ಬೂಟು ಬಿಚ್ಚಿ ಎದುರು ನಿಂತರು. ಐನೋರು ಗಣಪನ ಎರಡೂ ಭುಜಕ್ಕೆ ಸೇವಂತಿಗೆ ಇಟ್ಟು ಕಣ್ಣು ಮುಚ್ಚಿದರು. ನಾನು ಫ್ಯಾನ್ ಹಾಕಿದೆ. ಸೆಕೆಗೆ ಹಾಕಿದ್ದು, ಅಷ್ಟೇ.

ಹೂ ಬಿತ್ತು.

"ಬಲಗಡೆ ಕೊಟ್ಟ!" ಐನೋರು ಕೂಗಿದರು.

"ಎಲ್ರೀ? ಇದು ಎಡಗಡೆ," ಆಫೀಸರು ತಮ್ಮ ಎಡಗೈ ಎತ್ತಿ ತೋರಿಸಿದರು.

"ದೇವರ ಬಲಗಡೆ ಸ್ವಾಮಿ!"

"ಸಂಬಳ ಕೊಡೋನು ನಾನು. ನನ್ನ ಬಲಗಡೆ ಬೀಳ್ಬೇಕು."

ಆಪರೇಷನ್ನಿಗೆ ಹೋಗುವ ಮುಂಚೆ ಕೈ ಮುಗಿಯಲು ಬಂದಿದ್ದ ಸರ್ಜನ್ನರಿಗೆ ತಡೆಯಲಾಗಲಿಲ್ಲ. "ರೀ, ಆಸ್ಪತ್ರೇಲಿ ಬಲಗಡೆ ಅಂದ್ರೆ ಪೇಷಂಟಿನ ಬಲಗಡೆ. ಎದುರಿಗೆ ನಿಂತೋರ ಬಲಗಡೆ ಹಿಡಿದಿದ್ರೆ, ಇಷ್ಟೊತ್ತಿಗೆ ನಾನು ಎಷ್ಟು ಜನರ ಒಳ್ಳೇ ಕಿಡ್ನಿ ತೆಗೆದಿರ್ತಿದ್ದೆ ಗೊತ್ತಾ?"

ಆಫೀಸರು ತಮ್ಮ ಸೊಂಟದ ಎರಡೂ ಕಡೆ ಮುಟ್ಟಿ ನೋಡಿಕೊಂಡು, ನಿಂತಲ್ಲೇ ಸೈನ್ ಹಾಕಿದರು.

ಐನೋರು ಸ್ಕಿಲ್ಡ್ ಆದರು, ಮನೆ ಉಳಿಯಿತು. ಫ್ಯಾನಿನ ಗುಂಡಿ ಒತ್ತಿದ ನಾನು ಮಾತ್ರ ಇವತ್ತಿಗೂ ಅನ್‌ಸ್ಕಿಲ್ಡೇ. ಈ ಟೀ ದುಡ್ಡು ಒಸಿ ನೀವೇ ಕೊಟ್ಬುಡಿ.