ಮೇಜಿಗೆ ಎರಡು ತಟ್ಟು

ಹೋದ ದೇಶದ ರೀತಿನೀತಿಯನ್ನೆಲ್ಲ ಒಂದೇ ದಿನದಲ್ಲಿ ಅರೆದು ಕುಡಿಯುತ್ತೇನೆಂದು ವಿಮಾನ ಹತ್ತುವ ಮೊದಲೇ ಹೆಂಡತಿಯ ಮುಂದೆ ಘೋಷಿಸಿದ್ದೆ.

"ಈ ಮನೇ ರೀತಿನೀತಿನೇ ನಿಮಗೆ ಮೂವತ್ತು ವರ್ಷದಿಂದ ಬಂದಿಲ್ಲ. ಒದ್ದೆ ಟವೆಲ್ ಹಾಸಿಗೆ ಮೇಲಿದೆ, ತೆಗೀರಿ," ಎಂದಳು.

ಹೊರಟಿದ್ದು ಪ್ರವಾಸಕ್ಕಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ನನ್ನ ಗೆಳೆಯನನ್ನು ಊರೆಲ್ಲ 'ಬೈಂಡರ್' ಎಂದೇ ಕರೆಯುತ್ತಿತ್ತು. ಪರದೇಶದ ಒಂದು ಗ್ರಂಥಾಲಯದಲ್ಲಿ ಎರಡು ವರ್ಷ ಹರಿದ ಪುಸ್ತಕಗಳನ್ನು ಹೊಲಿದುಕೊಟ್ಟು ಬಂದಿದ್ದ. ಈ ವರ್ಷ ತೀರಿಕೊಂಡ. ಅಲ್ಲಿ ಅವನನ್ನು ಮನೆಯಲ್ಲಿಟ್ಟುಕೊಂಡಿದ್ದ ದಂಪತಿ, ಅವನ ದಬ್ಬಳ, ಸುತ್ತಿಗೆ ಇಲ್ಲೇ ಉಳಿದಿವೆ, ಬಂದು ಒಯ್ಯಿರಿ ಎಂದು ನನಗೆ ಬರೆದರು. ಅದೂ ಕನ್ನಡದಲ್ಲಿ! ಅವನೇ ಕಲಿಸಿದ್ದು.

ಮೊದಲ ಬೆಳಗ್ಗೆ ತಿಂಡಿಗೆ ಕೂತೆವು. ಗ್ರಂಥಾಲಯದಲ್ಲಿ ಕೆಲಸ ಮಾಡುವ ಮನೆಯಾಕೆ ಮೇಜನ್ನು ಎರಡು ಸಲ ತಟ್ಟಿ, ನಿದ್ದೆ ಬಂತೇ ಎಂದು ಕನ್ನಡದಲ್ಲೇ ಕೇಳಿದಳು. ಬಸ್ ಡ್ರೈವರ್ ಆದ ಗಂಡನೂ ಎರಡು ಸಲ ತಟ್ಟಿ, ಇನ್ನೊಂದು ಬ್ರೆಡ್ ಹಾಕಿಕೊಳ್ಳಿ ಎಂದ. ಓಹೋ, ಇದು ಈ ದೇಶದ ಶಿಷ್ಟಾಚಾರ! ನಾನೇನು ಕಡಿಮೆಯೇ? ಎಂಬತ್ತು ಕಿಲೋ ತೂಕವನ್ನೆಲ್ಲ ಅಂಗೈಗೆ ತಂದು ನಾನೂ ತಟ್ಟಿದೆ. ಹಾಲಿನ ಜಗ್ ಡ್ರೈವರನ ಇಸ್ತ್ರಿ ಮಾಡಿದ ಸಮವಸ್ತ್ರದ ಮೇಲೆ ಮಗುಚಿತು. ಒರೆಸಲು ಕೈಗೆ ಸಿಕ್ಕ ಬಟ್ಟೆ ಎಳೆದೆ. ಅದು ಮೇಜಿನ ಹಾಸು! ತಟ್ಟೆಗಳು ಸಾಲಾಗಿ ನೆಲಕ್ಕೆ ಹಾರಿದವು. ಅವತ್ತು ಆ ಊರಿನ ಮೊದಲ ಬಸ್ಸು ತಡವಾಗಿ ಹೊರಟಿದ್ದಕ್ಕೆ ಏಕೈಕ ಕಾರಣ ನಾನು.

ಡ್ರೈವರ್ ಬಟ್ಟೆ ಬದಲಿಸಲು ಓಡಿದ. ನಾನು ಪೊರಕೆ ಹಿಡಿದು, "ನಿಮ್ಮ ಪದ್ಧತಿ ಅಂತ ನಾನೂ ತಟ್ಟಿದೆ," ಎಂದು ತೊದಲಿದೆ.

"ನಮ್ದಲ್ಲ, ನಿಮ್ದು," ಎಂದಳು ಆಕೆ. "ಕನ್ನಡ ಮಾತಾಡೋಕೆ ಮುಂಚೆ ಎರಡು ಸಲ ತಟ್ಟಬೇಕಲ್ವಾ? ನಿಮ್ಮ ಗೆಳೆಯರು ಒಂದು ದಿನಾನೂ ತಪ್ಪಿಸಿಲ್ಲ."

ಪೊರಕೆ ಅಲ್ಲೇ ನಿಂತಿತು.

ಹಾಳೆಗಳ ಅಂಚು ಸಮನಾಗಲೆಂದು ಕಟ್ಟನ್ನು ಮೇಜಿಗೆ ಎರಡು ಸಲ ತಟ್ಟುವುದು ಬೈಂಡರನ ಕಸುಬಿನ ರೂಢಿ. ನಲವತ್ತು ವರ್ಷದಲ್ಲಿ ಕಾಗದವಿಲ್ಲದಿದ್ದರೂ ಮೇಜು ತಟ್ಟುವುದನ್ನು ಅವನ ಕೈ ಕಲಿತಿತ್ತು; ಆಮೇಲೇ ಬಾಯಿ ತೆರೆಯುತ್ತಿತ್ತು. ಆಸ್ಪತ್ರೆಯ ಮಂಚದ ಕಬ್ಬಿಣಕ್ಕೆ ಎರಡು ಸಲ ತಟ್ಟಿಯೇ ನನ್ನನ್ನು ನೀರು ಕೇಳಿದ್ದ.

"ತಪ್ಪಾಗಿದ್ರೆ ಹೇಳಿ, ಬಿಟ್ಟುಬಿಡ್ತೀವಿ," ಎಂದಳು.

ನಾನು ಒಂದು ಮಾತು ಹೇಳಿದರೆ ಆ ಸದ್ದು ಈ ಮನೆಯಲ್ಲೂ ನಿಲ್ಲುತ್ತಿತ್ತು. ನಮ್ಮೂರಲ್ಲಿ ಆಗಲೇ ನಿಂತಿದೆ.

ಈ ಸಲ ಮೆಲ್ಲಗೆ ಮೇಜು ತಟ್ಟಿದೆ. "ಸರಿಯಾಗೇ ಇದೆ. ಬಿಡಬೇಡಿ."

ಆಕೆ ಟೀಚರಮ್ಮನ ಹಾಗೆ ನನ್ನ ಕೈಯನ್ನೇ ನೋಡುತ್ತಿದ್ದಳು. ಎರಡು ಸಲ ತಟ್ಟಿ ಹೇಳಿದಳು:

"ನೀವು ಮೂರು ಸಲ ತಟ್ಟಿದ್ರಿ. ಪರವಾಗಿಲ್ಲ, ಊರಿಗೆ ಹೋಗೋಷ್ಟರಲ್ಲಿ ನಿಮಗೂ ಕನ್ನಡ ಬರುತ್ತೆ."