ಹಲ್ಲಿಗೆ ಕಾವು ಕೊಟ್ಟ ಕುಲುಮೆ ಸಾಹೇಬ

ಕಬ್ಬಿಣವನ್ನೇ ನೀರು ಮಾಡುವ ಕುಲುಮೆಗಳನ್ನು ಹದದಲ್ಲಿಟ್ಟವನು ನಾನು! ನಮ್ಮ ಸರ್ಕಾರಿ ಕಾರ್ಖಾನೆಯಲ್ಲಿ ನನ್ನನ್ನು ಕಂಡರೆ ಬೆಂಕಿಯೂ ಎದ್ದು ನಿಂತು ನಮಸ್ಕಾರ ಮಾಡುತ್ತದೆ. ಹಾಗೆಂದು ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನ ತುಂಬ ನಾನೇ ಹೇಳಿಕೊಂಡು ತಿರುಗುತ್ತೇನೆ.

ಇಂಥ ನನ್ನ ಮುಂದೆ ಮೇಲಿನ ಮನೆಯ ಶ್ರೀಲಕ್ಷ್ಮಿ ಒಂದು ಗಾಜಿನ ಪೆಟ್ಟಿಗೆ ತಂದಿಟ್ಟಳು.

"ಅಣ್ಣಾರ, ತಂಗಿ ಲಗ್ನಕ್ಕ ಕಲಬುರಗಿಗೆ ಹೊಂಟೀನ್ರಿ. ನಮ್ಮ ರಾಣಿನ್ನ ಒಂದು ವಾರ ಬೆಚ್ಚಗ ಇಟಗೋತೀರೇನ್ರಿ?"

ಒಳಗೆ ರಾಣಿ ಕೂತಿದ್ದಳು. ಚಿರತೆಯ ಚುಕ್ಕೆ, ದಪ್ಪ ಬಾಲ, ಪರದೇಶದ ಹಲ್ಲಿ! ಜೊತೆಗೆ ರಾಣಿಯ ಬುತ್ತಿ: ಡಬ್ಬಿ ತುಂಬ ಜೀವಂತ ಜೀರುಂಡೆಗಳು!

"ಟೆನ್ಶನ್ ನಕ್ಕೋ, ಚಿಂತಿ ಬಿಡು ತಂಗಿ! ಒಂದು ಡಿಗ್ರಿ ಅತ್ಲಾಗ ಇತ್ಲಾಗ ಆಗಂಗಿಲ್ಲ!"

ನನ್ನ ಹೆಂಡತಿ ಸುಭದ್ರಾ ಗೋಡೆಯ ಕಡೆ ನೋಡಿದಳು. ಅಲ್ಲಿ ಟ್ಯೂಬ್‌ಲೈಟಿನ ಹಿಂದೆ ನಮ್ಮ ಮನೆಯ ಖಾಸಾ ಹಲ್ಲಿ, ಬಡಕಲು ಪ್ರಾಣಿ, ಸುಮ್ಮನೆ ಅಂಟಿಕೊಂಡಿತ್ತು.

"ಹಲ್ಲಿ ನುಡೀಲಿಲ್ಲ ನೋಡ್ರಿ. ಖರೇ ಮಾತಿದ್ರ ಲೊಚ್ ಅಂತಿತ್ತು" ಎಂದಳು.

ಶ್ರೀಲಕ್ಷ್ಮಿ ಪಾಠ ಶುರು ಮಾಡಿದಳು. ಬಿಸಿ ಚಾಪೆ ಇರುವುದು ಪೆಟ್ಟಿಗೆಯ ಅರ್ಧಕ್ಕೆ ಮಾತ್ರ. ಇನ್ನರ್ಧ ತಣ್ಣಗಿರಬೇಕು. ಯಾಕೆ, ಕರೆಂಟ್ ಉಳಿತಾಯವೇ? ಅಲ್ಲವಂತೆ! ಹಲ್ಲಿಗೆ ಸ್ವಂತ ಮೈಕಾವು ಇಲ್ಲ. ಬೇಕೆಂದಾಗ ಈ ಕಡೆ, ಸಾಕೆಂದಾಗ ಆ ಕಡೆ ಅದೇ ನಡೆದುಕೊಂಡು ಹೋಗುತ್ತದೆ. ಕಾವು ಹೆಚ್ಚಾದರೆ ಇಸ್ತ್ರಿ ಪೆಟ್ಟಿಗೆಯಂತೆ ಚಾಪೆ ತಾನೇ ಬಂದ್ ಆಗಲು ಒಂದು ಸಣ್ಣ ಯಂತ್ರ, ಅದಕ್ಕೊಂದು ತಂತಿ.

"ತಂತಿ ತುದಿ ಯಾವಾಗ್ಲೂ ಪೆಟಗಿ ಒಳಗ, ಬಿಸಿ ಕಡೆನ ಇರಬೇಕ್ರಿ ಅಣ್ಣಾರ. ಅದು ಮುಟ್ಟಿ ಹೇಳಿದ್ರನ ಯಂತ್ರಕ್ಕ ತಿಳಿಯೂದು. ಜೀರುಂಡಿ ಡಬ್ಬೀನೂ ಬಾಜೂಕ ಇಡ್ರಿ. ಥಂಡಿ ಆದ್ರ ಅವು ಮುದುಡಿ ಕೂಡ್ತಾವು."

ಡಿಸೆಂಬರ್ ಚಳಿ. ಸುಭದ್ರಾ ಮರುಗಿ, ನನ್ನವ್ವ ಹೊಲಿದ ಕೌದಿಯನ್ನು ತಂದಳು. "ಪಾಪ, ಇದನ್ನ ಹೊಚ್ಚೂಣ್ರಿ."

"ಹುಚ್ಚಿ! ಕೌದಿ ತಾನ ಬಿಸಿ ಇರತೈತೇನು? ನಮ್ಮ ಮೈಕಾವು ಹಿಡದಿಡತೈತಿ, ಅಷ್ಟ. ಕಲ್ಲಿಗೆ ಕೌದಿ ಹೊಚ್ಚಿದ್ರ ಕಲ್ಲು ಬೆವರತೈತೇನು? ಬಿಸಿ ಚಾಪಿ ಬ್ಯಾರೆ ಐತಿ, ಬೆಂಕಿ ಹತ್ತೀತು!"

"ಹಂಗಂದ್ರ ಇದೂ ನಿಮ್ಮಂಗನ ಬಿಡ್ರಿ. ಬಿಸಿ ಚಾ ಬರೂತನಕ ಹಾಸಿಗಿ ಬಿಟ್ಟು ಅಳ್ಳಾಡಂಗಿಲ್ಲ!"

ಮರುದಿನ ಆಫೀಸಿಗೆ ಹೊರಡುವ ಮುಂಚೆ ಪೆಟ್ಟಿಗೆ ಒರೆಸಿದೆ. ತಂತಿ ಕೈಗೆ ಅಡ್ಡ ಬಂತು. ಎತ್ತಿ, ತೆರೆದ ಕಿಟಕಿಯ ಸರಳಿಗೆ ಸಿಕ್ಕಿಸಿದೆ. ಒರೆಸಿದೆ. ಮರೆತೆ!

ಸಂಜೆ ಬಂದು ನೋಡಿದರೆ ರಾಣಿ ತಣ್ಣನೆಯ ಮೂಲೆಯಲ್ಲಿ ಚಪ್ಪಟೆಯಾಗಿ ಬಾಯಿ ತೆರೆದು ಮಲಗಿದ್ದಾಳೆ.

"ಆಕಳಸಾಕತ್ತಾಳ. ನನ್ನ ವ್ಯವಸ್ಥಾಕ್ಕ ಸುಖನಿದ್ದಿ ಬಂದೈತಿ" ಎಂದು ಹೆಮ್ಮೆಯಿಂದ ಬಿಸಿ ಕಡೆಯ ಗಾಜು ಮುಟ್ಟಿದೆ. ದೋಸೆಯ ಹಂಚು! ಚಟ್ಟನೆ ಕೈ ಹಿಂದಕ್ಕೆಳೆದುಕೊಂಡೆ. ನಂಬಿ ಬಿಟ್ಟುಹೋದ ಜೀವ, ಸತ್ತರೆ ಆ ಹುಡುಗಿಗೆ ಯಾವ ಮುಖ ತೋರಿಸಲಿ?

"ಸುಭದ್ರಾ! ಫ್ರಿಜ್ಜಿನ್ಯಾಗ ಇಡ್ಲೇನ?"

"ಮೊದಲ ನೀವು ಹೋಗಿ ಕೂಡ್ರಿ ಅದರಾಗ!" ಎಂದ ಸುಭದ್ರಾ ಅತ್ತಿತ್ತ ಕಣ್ಣಾಡಿಸಿದಳು. "ರೀ, ಈ ತಂತಿ ಕಿಟಕ್ಯಾಗ ಯಾಕೈತ್ರಿ? ಇಡೀ ಕೂಕಟ್‌ಪಲ್ಲಿ ಬೆಚ್ಚಗ ಮಾಡಾಕತ್ತೀರೇನು?"

ಅಯ್ಯೋ! ತಂತಿ ದಿನವಿಡೀ ಕಿಟಕಿಯ ಗಾಳಿಯನ್ನು ಮುಟ್ಟಿ "ಥಂಡಿ, ಇನ್ನೂ ಥಂಡಿ" ಎಂದು ವರದಿ ಒಪ್ಪಿಸಿದೆ. ಪಾಪ, ಆ ಚಾಪೆ ಊರಿಗೆಲ್ಲ ಕಾವು ಕೊಡಲು ಹೊರಟಿದೆ! ಹಾರಿ ಪ್ಲಗ್ ಕಿತ್ತೆ. ಮೊಣಕೈ ತಗುಲಿ ಜೀರುಂಡೆ ಡಬ್ಬಿ ನೆಲಕ್ಕುರುಳಿತು. ಕಾವಿಗೆ ಚುರುಕಾಗಿದ್ದ ಆ ಸೈನ್ಯ ಸೋಫಾ ಏರಿತು, ರೊಟ್ಟಿ ಹಿಟ್ಟಿಗೆ ಧುಮುಕಿತು, ನನ್ನ ಅಂಗಿಯೊಳಗೂ ಒಬ್ಬ ಸರದಾರ ನುಗ್ಗಿದ! ನಾನು ಕುರ್ಚಿ ಹತ್ತಿ ಕುಣಿದೆ. ಸುಭದ್ರಾ ಪೆಟ್ಟಿಗೆಯ ಮುಚ್ಚಳ ಸರಿಸಿ, ಬಟ್ಟಲಿಗೆ ನೀರು ತುಂಬಿ, ರಾಣಿಯನ್ನು ಅವಳ ಪಾಡಿಗೆ ಬಿಟ್ಟಳು. ಸ್ವಲ್ಪ ಹೊತ್ತಿಗೆ ರಾಣಿ ಬಾಯಿ ಮುಚ್ಚಿ ನೀರು ನೆಕ್ಕಿದಳು. ನನಗೂ ಆಗಲೇ ಉಸಿರು ಬಂದಿದ್ದು.

ಆಮೇಲೆ ಕೈಗೆ ಸಿಕ್ಕಷ್ಟು ಜೀರುಂಡೆ ರಾಣಿಗಾಯಿತು. ಉಳಿದವು ಎಲ್ಲಿ ಹೋದವೆಂದು ನಾವು ಹುಡುಕಲೂ ಇಲ್ಲ.

ವಾರ ಕಳೆದು ಶ್ರೀಲಕ್ಷ್ಮಿ ಬಂದಳು. ರಾಣಿ ನಾಲಿಗೆ ಚಾಚಿ ಗೆಲುವಾಗಿ ಕಣ್ಣು ನೆಕ್ಕಿಕೊಂಡಳು. ನನ್ನ ಮೀಸೆ ತಾನಾಗಿ ಮೇಲೇರಿತು.

"ಹೇಳಿದ್ನಿಲ್ಲೋ ತಂಗಿ? ಒಂದು ಡಿಗ್ರಿ ಅತ್ಲಾಗ ಇತ್ಲಾಗ..."

"ಕುಲುಮಿ ಸಾಹೇಬ್ರಿಗೆ ಒಂದು ತಂತಿ ಸಂಭಾಳಸಾಕ ಬರಂಗಿಲ್ಲ ನೋಡವಾ!" ಎಂದಳು ಸುಭದ್ರಾ.

"ಲೊಚ್! ಲೊಚ್! ಲೊಚ್!"

ಸುಭದ್ರಾ ಬೆರಳಿನಿಂದ ನೆಲ ತಟ್ಟಿ, "ಕೃಷ್ಣ, ಕೃಷ್ಣ! ಹಲ್ಲಿ ನುಡೀತು ನೋಡ್ರಿ!" ಎಂದು ಕುಣಿದಾಡಿದಳು.

ಶ್ರೀಲಕ್ಷ್ಮಿ ತಲೆ ಎತ್ತಿ ಟ್ಯೂಬ್‌ಲೈಟಿನ ಕಡೆ ನೋಡಿದಳು, ನೋಡುತ್ತಲೇ ಇದ್ದಳು.

"ಅಯ್ಯ ಅಣ್ಣಾರ, ನಿಮ್ಮ ಗ್ವಾಡಿ ಹಲ್ಲಿ ನಮ್ಮ ರಾಣಿಗಿಂತ ದಪ್ಪ ಆಗೈತಲ್ರಿ! ನನ್ನ ಜೀರುಂಡಿ ಡಬ್ಬಿ ಎಲ್ಲೈತ್ರಿ?"