ಕೋಪನ್‌ಹೇಗನ್ನಿನಲ್ಲಿ ಮಗದುಮ್ ಮಾಸ್ತರರ ಸೂರ್ಯಾಸ್ತ ಸಮರ

ನಡೆಯುವ ದಾರಿಯನ್ನು ಅಂಗೈಯೊಳಗಿನ ಗಾಜಿನ ತುಂಡು ಹೇಳಿಕೊಡುವ, ಹಸಿದ ಹೊಟ್ಟೆಯೂ ಅದೇ ತುಂಡಿನ ಅಪ್ಪಣೆಗಾಗಿ ಕಾಯುವ ಈ ಪಂಚಮಕಾಲದಲ್ಲಿ, ಎಲೌ ಜಿನವಾಣಿಯೇ, ನನ್ನ ನಾಲಿಗೆಯ ಮೇಲೆ ಒಂದೆರಡು ಗಳಿಗೆ ಬಂದು ಕುಳಿತುಕೋ. ಹೆಚ್ಚು ಹೊತ್ತು ಬೇಡ. ನಾನು ಹೇಳಬೇಕಾದದ್ದು ಒಂದು ಊಟದ ಕಥೆ, ಅದೂ ಇಬ್ಬರ ಊಟದ್ದು.

ಚಿಕ್ಕೋಡಿ ಸೀಮೆಯ ಹೈಸ್ಕೂಲೊಂದರಲ್ಲಿ, ಇಪ್ಪತ್ಮೂರೂವರೆ ಡಿಗ್ರಿ ವಾಲಿದ ಭೂಮಂಡಲವನ್ನು ಮೂವತ್ನಾಲ್ಕು ವರ್ಷ ಎಡಗೈಯ ಕಿರುಬೆರಳಿನಿಂದ ತಿರುಗಿಸಿದ ಧೀರನೊಬ್ಬನಿದ್ದನು. ಅಕ್ಷಾಂಶರೇಖಾಂಶಜಾಲವಿದಾರಣಪಟುವೂ ಶ್ವೇತಖಟಿಕಾಖಡ್ಗಧಾರಿಯೂ ನಿದ್ರಾಸಕ್ತಛಾತ್ರಕರ್ಣಮರ್ದನಪ್ರವೀಣನೂ ಆದ ಆ ಬಿಳಿಮೀಸೆಯ ವೀರನ ಹೆಸರು ಭರಮಪ್ಪ ಮಗದುಮ್. ಲೋಕವು ಅವರನ್ನು ಮಾಸ್ತರರೆಂದೇ ಕರೆಯಿತು, ನಾವೂ ಹಾಗೆಯೇ ಕರೆಯೋಣ. ನಿವೃತ್ತಿಯ ದಿನ ವಿದ್ಯಾರ್ಥಿಗಳು ಕೊಟ್ಟ ಹಿತ್ತಾಳೆಯ ದಿಕ್ಸೂಚಿಯೊಂದು ಅವರ ಜೇಬಿನಲ್ಲಿ ಸದಾ ಇರುತ್ತಿತ್ತು.

ಅವರ ಧರ್ಮಪತ್ನಿ ರಾಜಮತಿ. ಮದುವೆಯಾದಂದಿನಿಂದ, ಮೂವತ್ತೊಂದು ವರ್ಷ, ಸೂರ್ಯ ಮುಳುಗಿದ ಮೇಲೆ ಒಂದು ಅಗುಳನ್ನೂ ಬಾಯಿಗಿಡದ ಅಖಂಡವ್ರತಧಾರಿಣಿ. ನೆಲದೊಳಗೆ ಬೆಳೆದ ಬಟಾಟಿ, ಉಳ್ಳಾಗಡ್ಡಿ, ಬಳ್ಳೊಳ್ಳಿಗಳಿಗೆ ಅಡುಗೆಮನೆಯ ಹೊಸ್ತಿಲನ್ನೇ ತೋರಿಸದವರು. ಮಾಸ್ತರರು ಮಾತ್ರ ಆ ರಾತ್ರಿಯ ವ್ರತ ಹಿಡಿದವರಲ್ಲ. ಹೆಂಡತಿ ಮಲಗಿದ ಮೇಲೆ ಡಬ್ಬಿಯ ಮುಚ್ಚಳ ಸದ್ದಾಗದಂತೆ ತೆಗೆದು ಚುರುಮುರಿ ಮುಕ್ಕುವ ಕಲೆಯಲ್ಲಿ ಅವರು ಪಾರಂಗತರು. ರಾಜಮತಿಯವರಿಗೆ ಇದು ಗೊತ್ತಿತ್ತು, ಡಬ್ಬಿಯನ್ನು ತುಂಬಿಸಿಡುತ್ತಿದ್ದವರೂ ಅವರೇ.

ಈ ದಂಪತಿಗಳು ಜೂನ್ ತಿಂಗಳ ಒಂದು ಮುಂಜಾನೆ, ಪ್ರವಾಸಿಗಳ ತಂಡವೊಂದರ ಜೊತೆ, ಡೆನ್ಮಾರ್ಕ್ ದೇಶದ ರಾಜಧಾನಿಯಾದ ಕೋಪನ್‌ಹೇಗನ್ನಿನಲ್ಲಿ ವಿಮಾನದಿಂದ ಇಳಿದರು. ಯುರೋಪ್ ಖಂಡದಲ್ಲಿ ಅವರಿಗೆ ಅದೇ ಮೊದಲ ಹಗಲು. ತಂಡವನ್ನು ನಡೆಸುತ್ತಿದ್ದವನು ನಿಪ್ಪಾಣಿಯ ಮಿಲಿಂದ. ಅವನು ಹೋಟೆಲಿನ ಬಾಗಿಲಲ್ಲಿ ಎಲ್ಲರಿಗೂ ಊಟದ ಡಬ್ಬಿ ಹಂಚುತ್ತಾ ಬಂದು ಮಾಸ್ತರರ ಮುಂದೆ ನಿಂತ.

"ಸರ್, ನಿಮ್ಮವು ಎರಡ ಬ್ಯಾರೇನ ಮಾಡಿಸೇನ್ರಿ. ಉಳ್ಳಾಗಡ್ಡಿ ಇಲ್ಲ, ಬಟಾಟಿ ಇಲ್ಲ. ತಗೋರಿ."

ಆಗ ಮಾಸ್ತರರ ಮೀಸೆ ಸೆಟೆಯಿತು. ಮೂವತ್ತೆಂಟು ಜನ ಸಹಪ್ರಯಾಣಿಕರು ಕೇಳುವಂತೆ ಅವರು ಗಂಭೀರ ಸ್ವರದಲ್ಲಿ ನುಡಿದರು:

"ಮಿಲಿಂದ, ಈ ಊರ ನಾ ಹುಟ್ಟಿದಾಗಿಂದ ಬಲ್ಲೆ. ಐವತ್ತೈದು ಡಿಗ್ರಿ ಉತ್ತರ ಅಕ್ಷಾಂಶ, ಹನ್ನೆರಡೂವರೆ ಡಿಗ್ರಿ ಪೂರ್ವ ರೇಖಾಂಶ. ಬೋರ್ಡ್ ಮ್ಯಾಲೆ ಕಣ್ಣ ಮುಚ್ಚಿ ತೆಗದೇನಿ. ಇಂಥಾ ಊರಾಗ ನನ್ನ ಹೆಂಡತಿಗೆ ಊಟಾ ಹುಡುಕಾಕ ನನಗ ಡಬ್ಬಿ ಬೇಕೇನು? ಕೇಳ್ರಿ ಎಲ್ಲಾರೂ. ಇವತ್ತ ಹೊತ್ತ ಮುಳುಗೂದ್ರಾಗ ಈಕಿಗೆ ಬಿಸಿ ಬಿಸಿ ಶುದ್ಧ ಊಟಾ ಹಾಕಸ್ತೀನಿ. ಆಗಲಿಲ್ಲಂದ್ರ ನನ್ನ ಮಾಸ್ತರ ಅಂತ ಕರಿಬ್ಯಾಡ್ರಿ."

ರಾಜಮತಿಯವರು ಡಬ್ಬಿಯತ್ತ ಒಮ್ಮೆ ನೋಡಿದರು. ವಿಮಾನದಲ್ಲಿ ತಿಂದ ಒಂದು ಬಾಳೆಹಣ್ಣಿನ ಮೇಲೆ ಅವರಿದ್ದರು. ಆದರೆ ಗಂಡನ ಪ್ರತಿಜ್ಞೆ ಆಗಿಹೋಗಿತ್ತು, ತಂಡದ ಜೊತೆ ಡಬ್ಬಿಯೂ ಬಸ್ಸು ಹತ್ತಿ ಹೋಗಿತ್ತು.

ಹೀಗೆ ಮಹಾಯಾತ್ರೆ ಶುರುವಾಯಿತು. ನಗರದ ಬೀದಿಗೆ ಕಾಲಿಟ್ಟ ಮಾಸ್ತರರು ಅಗಲವಾದ, ನುಣುಪಾದ, ಯಾರೂ ನಡೆಯದ ಒಂದು ದಾರಿಯನ್ನು ಕಂಡು, ಇದು ಹಿರಿಯರಿಗೆ ಮೀಸಲಿಟ್ಟ ಪಥವೆಂದು ನಿಶ್ಚಯಿಸಿ, ಅದರ ನಟ್ಟನಡುವೆ ನಿಂತು ನಕ್ಷೆ ಬಿಚ್ಚಿದರು. ಅದು ಸೈಕಲ್ಲುಗಳ ದಾರಿ. ಮರುಕ್ಷಣದಲ್ಲೇ ದ್ವಿಚಕ್ರಾರೂಢವಾದ ಅಕ್ಷೌಹಿಣಿಯೊಂದು, ಕೋಟು ತೊಟ್ಟ ಅಧಿಕಾರಿಗಳು, ಮುಂದಿನ ಪೆಟ್ಟಿಗೆಯಲ್ಲಿ ಮೂರು ಮಕ್ಕಳನ್ನು ಕೂರಿಸಿಕೊಂಡ ತಾಯಂದಿರು, ಎಲ್ಲರೂ ಗಂಟೆ ಬಾರಿಸುತ್ತಾ ಮೇಲೇರಿ ಬಂದರು. ಮಾಸ್ತರರು ನಕ್ಷೆಯನ್ನು ಗುರಾಣಿಯಂತೆ ಎತ್ತಿ ಹಿಡಿದು, ಒಂದೇ ನೆಗೆತಕ್ಕೆ ಕಾಲುದಾರಿಗೆ ಹಾರಿದರು. ನಕ್ಷೆ ಎರಡಾಯಿತು.

"ಗಂಟಿ ಕೇಳಸಲಿಲ್ಲೇನ್ರಿ?" ಎಂದರು ರಾಜಮತಿ. ಅವರು ಮೊದಲಿಂದಲೂ ಕಾಲುದಾರಿಯಲ್ಲೇ ಇದ್ದರು.

ಆ ಬಳಿಕ ನಡೆದ ಆಹಾರಯುದ್ಧವನ್ನು ಹೇಗೆ ವರ್ಣಿಸಲಿ? ಕಪ್ಪು ರೊಟ್ಟಿಯ ಮೇಲೆ ಮೀನು ಮಲಗಿತ್ತು. ಮೀನಿಲ್ಲದ ರೊಟ್ಟಿಯ ಮೇಲೆ ತತ್ತಿ ಮಲಗಿತ್ತು. ಎರಡೂ ಇಲ್ಲದ ರೊಟ್ಟಿಯ ಮೇಲೆ ಬಟಾಟಿಯು ತೆಳ್ಳಗೆ ಹೋಳಾಗಿ, ಹಸಿ ಉಳ್ಳಾಗಡ್ಡಿಯ ಕಿರೀಟ ಧರಿಸಿ ರಾರಾಜಿಸುತ್ತಿತ್ತು. ಬೇಕರಿಯ ಹೊನ್ನಬಣ್ಣದ ಸುರುಳಿಗಳ ಹೊಳಪಿಗೆ ಕಾರಣ ತತ್ತಿಯೆಂದು ತಿಳಿದು ಮಾಸ್ತರರು ಹಿಮ್ಮೆಟ್ಟಿದರು. ಒಂದು ಗಂಟೆಯಾಯಿತು, ಮೂರಾಯಿತು, ಐದಾಯಿತು. ರಾಜಮತಿಯವರು ಎರಡು ಸೇಬು ತಿಂದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಗಂಡನ ಹಿಂದೆ ನಡೆದರು.

ಕೊನೆಗೆ ಏಳನೆಯ ಬೇಕರಿಯ ನೇಪಾಳಿ ಹೆಂಗಸೊಬ್ಬಳು ಅವರ ಮೇಲೆ ಕರುಣೆ ತೋರಿದಳು. ಅಮಾಗರ್ ದ್ವೀಪದ ಅಮಾಗರ್‌ಬ್ರೋ ಎಂಬಲ್ಲಿ ಬಲಕಾರ್ ಸಿಂಗನೆಂಬ ಸರದಾರನ ಖಾನಾವಳಿಯಿದೆ, ಹೇಳಿದ ಹಾಗೆ ಅಡುಗೆ ಮಾಡಿಕೊಡುತ್ತಾನೆ, ಮೆಟ್ರೋದಲ್ಲಿ ಮೂರೇ ನಿಲ್ದಾಣ ಎಂದು ಹಿಂದಿಯಲ್ಲಿ ಹೇಳಿದಳು.

ಮಾಸ್ತರರು ಗಡಿಯಾರ ನೋಡಿದರು. ಐದೂ ನಲವತ್ತು. ಊರಿನಲ್ಲಿ ಈ ತಿಂಗಳು ಏಳಕ್ಕೆಲ್ಲ ಹೊತ್ತು ಮುಳುಗುತ್ತದೆ. ಮೇಲೆ ನೋಡಿದರೆ ಸಮುದ್ರದ ಕಡೆಯಿಂದ ಕರಿಮೋಡಗಳು ಸೈನ್ಯ ಕಟ್ಟಿಕೊಂಡು ಬಂದು ಸೂರ್ಯನನ್ನು ನುಂಗಿದ್ದವು.

"ನಡಿ ಲಗೂ," ಎಂದರು ಮಾಸ್ತರರು. "ಇನ್ನ ಒಂದ ತಾಸೈತಿ."

ಭೂಗರ್ಭದಲ್ಲಿ ಅವರಿಗಾಗಿ ಕಾದು ನಿಂತಿದ್ದುದು ಸಾರಥಿಯೇ ಇಲ್ಲದ ರಥ. ಆ ಊರಿನ ಮೆಟ್ರೋಗೆ ಓಡಿಸುವವನಿಲ್ಲ. ಮುಂದೆ ಬರಿಯ ಗಾಜು, ಗಾಜಿನಾಚೆ ಕತ್ತಲ ಸುರಂಗ. ಖಾಲಿಯಿದ್ದ ಆ ಸ್ಥಾನವನ್ನು ಕಂಡು ಮಾಸ್ತರರ ಕ್ಷಾತ್ರ ಉಕ್ಕಿತು. ಅವರು ಗಾಜಿಗೆ ಮೂಗು ತಾಗಿಸಿ ನಿಂತು, ದಿಕ್ಸೂಚಿಯನ್ನು ಅಂಗೈ ಮೇಲಿಟ್ಟು, ಅಮಾಗರ್ ದ್ವೀಪವು ದಕ್ಷಿಣಕ್ಕಿದೆ, ಮುಳ್ಳೂ ದಕ್ಷಿಣವನ್ನೇ ತೋರುತ್ತಿದೆ ಎಂದು ಘೋಷಿಸಿದರು. ಸುತ್ತಲೂ ಉಕ್ಕು, ಕೆಳಗೆ ವಿದ್ಯುತ್ತು; ಮುಳ್ಳು ಪಾಪ ಎಲ್ಲ ದಿಕ್ಕನ್ನೂ ತೋರುತ್ತಿತ್ತು.

ಎರಡು ನಿಲ್ದಾಣ ಕಳೆದ ಮೇಲೆ ರಾಜಮತಿಯವರು ಬಾಗಿಲ ಮೇಲಿನ ನಿಲ್ದಾಣಗಳ ಪಟ್ಟಿ ನೋಡಿ ಹೇಳಿದರು: "ನಾವ್ ಹೋಗೂ ಊರು ಹಿಂದ ಹೊಂಟೈತಿ, ನಾವ್ ಮುಂದ ಹೊಂಟೇವಿ."

"ನಿನಗೇನ ತಿಳೀತೈತಿ ಅದರಾಗ?"

"ಅಕ್ಷರ ತಿಳೀತಾವ್ರೀ."

ಇಳಿದರು, ಎದುರಿನ ರಥ ಹತ್ತಿದರು. ದಿಕ್ಸೂಚಿ ಜೇಬಿಗೆ ಹೋಯಿತು. ಖಾನಾವಳಿ ತಲುಪಿದಾಗ ಆರೂ ಇಪ್ಪತ್ತೈದು, ಹೊರಗೆ ಜಡಿಮಳೆ, ಬೀದಿಯೆಲ್ಲ ಮಬ್ಬು. ಬಲಕಾರ್ ಸಿಂಗ್ ಅವರ ಮಾತನ್ನೆಲ್ಲ ಕೇಳಿಕೊಂಡು, ಬೇರೆ ಪಾತ್ರೆ ತೊಳೆದು, ಹೆಸರುಬೇಳೆಯ ದಾಲು, ದೊಣ್ಣೆಮೆಣಸಿನ ಪಲ್ಯ, ತವೆಯ ರೊಟ್ಟಿ ಮಾಡಲು ಒಳಗೆ ಹೋದ. ಮಾಸ್ತರರು ಗಡಿಯಾರದ ಮುಳ್ಳನ್ನು ಕಣ್ಣಿನಿಂದಲೇ ಹಿಡಿದು ನಿಲ್ಲಿಸಲು ನೋಡಿದರು. ಆರೂ ಐವತ್ತಕ್ಕೆ ತಟ್ಟೆಗಳು ಬಂದವು. ಬಿಸಿ ದಾಲಿನ ಘಮಕ್ಕೆ ರಾಜಮತಿಯವರ ಕಣ್ಣಲ್ಲಿ ನೀರಾಡಿತು. ಗೆಲುವು ಇನ್ನು ಒಂದು ಗೇಣು ದೂರ.

ಅಷ್ಟರಲ್ಲಿ ಬಲಕಾರ್ ಸಿಂಗ್, ದೂರದಿಂದ ಬಂದ ಹಿರಿಯರಿಗೆ ಮರ್ಯಾದೆ ಮಾಡಬೇಕೆಂದು, ಗಾಜಿನ ಬಟ್ಟಲಿನಲ್ಲಿ ಒಂದು ಮೇಣದ ದೀಪ ಹಚ್ಚಿ ಇಬ್ಬರ ತಟ್ಟೆಗಳ ನಡುವೆ ಇಟ್ಟ.

ರಾಜಮತಿಯವರು ದೀಪ ನೋಡಿದರು. ಕಪ್ಪಾದ ಕಿಟಕಿ ನೋಡಿದರು. ರೊಟ್ಟಿ ಮುರಿಯಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಎರಡೂ ಕೈ ಜೋಡಿಸಿದರು.

"ದೀಪಾ ಹಚ್ಚಿದ್ರು," ಎಂದರು. "ಹೊತ್ತ ಮುಳುಗೇತಿ."

"ಇನ್ನ ಹತ್ತ ನಿಮಿಷ ಐತಿ, ರಾಜೂ."

"ಹೊರಗ ನೋಡ್ರಿ. ಕತ್ತಲಾಗೇತಿ. ನೀವ ಉಣ್ರಿ. ನನಗ ಹಸಿವಿಲ್ಲ."

ಆ ಕೊನೆಯ ಮಾತು ಸುಳ್ಳೆಂದು ಇಡೀ ಖಾನಾವಳಿಗೆ ಗೊತ್ತಿತ್ತು. ಮಾಸ್ತರರಿಗೆ ಆಗ ನಿಜಕ್ಕೂ ದುಃಖವಾಯಿತು. ಡಬ್ಬಿ ಕೈಗೆ ಬಂದಿತ್ತು, ಬೇಡವೆಂದವರು ತಾವು. ಮೂವತ್ತೆಂಟು ಜನರ ಮುಂದೆ ಮೀಸೆ ತಿರುವಿದ್ದಕ್ಕೆ ಹಸಿದುಕೊಂಡು ನಡೆದವರು ಆಕೆ. ಅವರು ತಮ್ಮ ತಟ್ಟೆಯನ್ನೂ ಮೆಲ್ಲಗೆ ದೂರ ಸರಿಸಿದರು.

"ನಾನೂ ಉಣ್ಣಂಗಿಲ್ಲ. ಚುರುಮುರಿನೂ ತಿನ್ನಂಗಿಲ್ಲ. ತಪ್ಪಾತು ನನ್ನದು."

ಮೂವತ್ತೊಂದು ವರ್ಷದಲ್ಲಿ ರಾಜಮತಿಯವರು ಈ ಮಾತು ಕೇಳಿದ್ದು ಅದೇ ಮೊದಲು. ದಾಲು ಆರತೊಡಗಿತು.

ಆಗ, ಎಲೌ ಜಿನವಾಣಿಯೇ, ಮೋಡ ಸರಿಯಿತು. ಆಕಾಶದ ಒಳ್ಳೇ ಎತ್ತರದಲ್ಲಿ, ಮುಳುಗುವ ಯಾವ ಅವಸರವೂ ಇಲ್ಲದೆ, ಸಹಸ್ರಕಿರಣನು ಪ್ರತ್ಯಕ್ಷನಾಗಿ ಇಡೀ ಖಾನಾವಳಿಯನ್ನು ಬೆಳಗಿದನು. ಮೇಣದ ದೀಪದ ಜ್ವಾಲೆ ಕಾಣದಾಯಿತು. ಬಲಕಾರ್ ಸಿಂಗ್ ಗಾಬರಿಯಿಂದ ಬಂದು, ಅಡುಗೆಯಲ್ಲಿ ಏನಾದರೂ ತಪ್ಪಾಯಿತೇ ಎಂದು ಹಿಂದಿಯಲ್ಲಿ ಕೇಳಿದ. ರಾಜಮತಿಯವರು ವ್ರತದ ವಿಷಯ ಹೇಳಿದರು. ಅವನು ಬಾಗಿಲತ್ತ ಕೈ ತೋರಿಸಿದ. ಇಲ್ಲಿಯ ಜನ ಬೆಳಗಿನ ಚಹಾಕ್ಕೂ ಮೇಣದ ದೀಪ ಹಚ್ಚುತ್ತಾರಮ್ಮ, ಅದಕ್ಕೂ ಕತ್ತಲಿಗೂ ಸಂಬಂಧವಿಲ್ಲ; ಈ ತಿಂಗಳು ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ ಎಂದ.

ಮಾಸ್ತರರ ಕಣ್ಣ ಮುಂದೆ ವಾಲಿದ ಭೂಮಂಡಲವೊಂದು ನಿಧಾನವಾಗಿ ತಿರುಗುತ್ತಿತ್ತು. ಎಂಟನೆಯ ತರಗತಿ, ಮೂರನೆಯ ಪಾಠ, ಜೂನಿನಲ್ಲಿ ಉತ್ತರದ ದೇಶಗಳಲ್ಲಿ ಹಗಲು ದೀರ್ಘ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ. ಪ್ರತಿ ವರ್ಷ ಕೇಳುತ್ತಿದ್ದವರೂ ಅವರೇ, ಬರೆಯದವರ ಕಿವಿ ಹಿಂಡುತ್ತಿದ್ದವರೂ ಅವರೇ.

"ಈ ಪಾಠಾ ನೀವ ಕಲಿಸೀರಿ ಹೌದಲ್ಲ?" ಎಂದರು ರಾಜಮತಿ, ರೊಟ್ಟಿ ಮುರಿಯುತ್ತಾ.

"ಕಲಿಸೇನಿ."

"ಹುಡುಗೂರು ಪಾಸ್ ಆಗ್ಯಾರೇನು?"

ಮಾಸ್ತರರು ತಮ್ಮ ಕಿವಿಯನ್ನು ಒಮ್ಮೆ ಮುಟ್ಟಿಕೊಂಡರು. ರಾಜಮತಿಯವರು ಐದು ರೊಟ್ಟಿ ಉಂಡರು, ಎರಡನೆಯ ಸಲ ದಾಲು ಹಾಕಿಸಿಕೊಂಡರು, ಆಮೇಲೆ ತಮ್ಮ ಕೈಯಿಂದಲೇ ಗಂಡನ ತಟ್ಟೆಯನ್ನು ಅವರ ಮುಂದಕ್ಕೆ ಸರಿಸಿದರು.

ಅವರು ಹೋಟೆಲಿಗೆ ಮರಳಿದಾಗ ಒಂಬತ್ತಾಗಿತ್ತು. ಹೊರಗೆ ಸಂಜೆಯ ಬಿಸಿಲು, ಒಳಗೆ ಮೂವತ್ತೆಂಟು ಜನ ಡಬ್ಬಿಯೂಟ ಮುಗಿಸಿ ಹರಟುತ್ತಿದ್ದರು. ಮಿಲಿಂದ ಎದ್ದು ಬಂದ.

"ಊಟಾ ಆತೇನ್ರಿ ಸರ್? ಹೊತ್ತ ಮುಳುಗೂದ್ರಾಗ?"

ಅಕ್ಷಾಂಶರೇಖಾಂಶಜಾಲವಿದಾರಣಪಟುವಾದ ಮಾಸ್ತರರು ನೆಲಹಾಸಿನ ಚಿತ್ತಾರ ನೋಡಿದರು.

"ಆತಪಾ," ಎಂದರು ರಾಜಮತಿ. "ಹೊತ್ತ ಮುಳುಗಾಕ ಹತ್ತಿತ್ತು. ಮಾಸ್ತರು ಹಿಡದು ನಿಲ್ಲಿಸಿದ್ರು."

ಮಿಲಿಂದ ಕಿಟಕಿಯಾಚೆಯ ಸೂರ್ಯನನ್ನು ನೋಡಿದ, ಮಾಸ್ತರರನ್ನು ನೋಡಿದ. ಮಾಸ್ತರರು ಅವನ ಹತ್ತಿರ ಸರಿದು, ಬೇರೆ ಯಾರಿಗೂ ಕೇಳದಂತೆ ಧ್ವನಿ ತಗ್ಗಿಸಿದರು.

"ನಾಳಿಗೆ ನಮ್ಮವೂ ಎರಡ ಡಬ್ಬಿ ಬರ್ಕೋಪಾ."